ಇಂಗ್ಲಿಷಿನ ಷಷ್ಠೀ ವಿಭಕ್ತಿ: ಒಂದು ಚಿಹ್ನೆಯ ಚರಿತ್ರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಆಡಳಿತದ ಲೆಕ್ಕಕ್ಕೆ ತುಮಕೂರು ಜಿಲ್ಲೆಗೆ ಸೇರಿವೆ. ಶಾಲೆಯ ಲೆಕ್ಕಕ್ಕೆ ಮಾತ್ರ ಇವು ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿಕೊಂಡಿವೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ತುಮಕೂರಿನದು ಒಂದು ಸಾಲು, ಮಧುಗಿರಿಯದು ಇನ್ನೊಂದು ಸಾಲು. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಈ ಪರೀಕ್ಷೆಗೆ ಕೂರುವಾಗ ಹೆಚ್ಚು ಅಂಜುವುದು ಯಾವ ವಿಷಯಕ್ಕೆಂದು ಕೇಳಿದರೆ ಗಣಿತದ ಜೊತೆಗೆ ಇಂಗ್ಲಿಷಿನ ಹೆಸರೂ ಬರುತ್ತದೆ. ಇಂಗ್ಲಿಷಿನಲ್ಲಿಯೂ ದೊಡ್ಡ ದೊಡ್ಡ ಪಾಠಗಳು ಹೇಗೋ ದಾಟಿಹೋಗುತ್ತವೆ. ಕಾಲಿಗೆ ತೊಡರುವುದು ಸಣ್ಣ ಸಣ್ಣ ಸಂಗತಿಗಳು. ಅಂಥ ಸಂಗತಿಗಳಲ್ಲಿ ಅಕ್ಷರದ ನೆತ್ತಿಯ ಬಳಿ ನೇತಾಡುವ ಒಂದು ಅಲ್ಪವಿರಾಮವೂ ಸೇರಿದೆ. ಅದರ ಹೆಸರು ಅಪಾಸ್ಟ್ರಫಿ.

‘ಹುಡುಗನ ಪುಸ್ತಕ’ ಎನ್ನಲು ‘ಬಾಯ್’ಸ್ ಬುಕ್’. ‘ಹುಡುಗರ ಪುಸ್ತಕ’ ಎನ್ನಲು ‘ಬಾಯ್ಸ್’ ಬುಕ್’. ಬರಿಯ ‘ಹುಡುಗರು’ ಎನ್ನಲು ಯಾವ ಚಿಹ್ನೆಯೂ ಇಲ್ಲದ ‘ಬಾಯ್ಸ್’. ವಿದ್ಯಾರ್ಥಿಮಿತ್ರರು ಈ ಮೂರನ್ನೂ ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಕಿವಿಗೆ ಮೂರೂ ಒಂದೇ. ಕನ್ನಡದಲ್ಲಿ ಹಾಗಲ್ಲ, ಹುಡುಗರು, ಹುಡುಗನ, ಹುಡುಗರ ಎಂಬ ಮೂರೂ ಮೂರು ಬೇರೆ ದನಿಗಳು. ಕೇಳಿದಂತೆ ಬರೆಯುವುದು, ಬರೆದಂತೆ ಓದುವುದು ನಮಗೆ ಒಂದನೆಯ ತರಗತಿಯಿಂದ ಬಂದ ಅಭ್ಯಾಸ. ಕಿವಿಗೆ ಕೇಳಿಸದ ಭೇದವನ್ನು ಕಣ್ಣಿನಿಂದಲೇ ಕಾಪಾಡಬೇಕೆಂದು ಇಂಗ್ಲಿಷ್ ಕೇಳಿದಾಗ ನಮ್ಮ ಮಕ್ಕಳು ತಬ್ಬಿಬ್ಬಾಗುವುದು ಸಹಜವೇ ಆಗಿದೆ. ಇದನ್ನು ದಡ್ಡತನವೆಂದು ಕರೆಯುವವರಿಗೆ ಈ ಚಿಹ್ನೆಯ ಚರಿತ್ರೆ ತಿಳಿಯದು. ಇಂಗ್ಲಿಷರೇ ಇದರ ವಿಷಯದಲ್ಲಿ ಇನ್ನೂರು ಮುನ್ನೂರು ವರ್ಷ ತಡಕಾಡಿದ್ದಾರೆ.

ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿಗೂ ನಮ್ಮ ಕನ್ನಡದಂತೆಯೇ ವಿಭಕ್ತಿ ಪ್ರತ್ಯಯಗಳಿದ್ದವು. ‘ರಾಜ’ ಎಂಬುದಕ್ಕೆ ಅಂದಿನವರು ‘ಕ್ಯುನಿಂಗ್’ ಎನ್ನುತ್ತಿದ್ದರು. ‘ರಾಜನ’ ಎನ್ನಲು ‘ಕ್ಯುನಿಂಗೆಸ್’. ಇಲ್ಲಿ ‘ಎಸ್’ ಎಂಬುದೇ ಷಷ್ಠಿಯ ಪ್ರತ್ಯಯ. ಆದರೆ ಇದು ಎಲ್ಲ ಪದಗಳಿಗೂ ಹತ್ತುತ್ತಿರಲಿಲ್ಲ. ಪುಲ್ಲಿಂಗ ಮತ್ತು ನಪುಂಸಕಲಿಂಗದ ಬಹುಪಾಲು ಪದಗಳಿಗೆ ‘ಎಸ್’. ಸ್ತ್ರೀಲಿಂಗದ ಅನೇಕ ಪದಗಳಿಗೆ ಬರಿಯ ‘ಎ’. ಮತ್ತೆ ಕೆಲವಕ್ಕೆ ‘ಅನ್’. ಈ ಹಳೆಯ ವ್ಯವಸ್ಥೆಯ ಪಳೆಯುಳಿಕೆಯನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದರೆ ಸಾಕು. ಟ್ಯೂಸ್‌ಡೇ ಎಂದರೆ ಟಿವ್ ಎಂಬ ದೇವತೆಯ ದಿನ, ವೆನ್ಸ್‌ಡೇ ಎಂದರೆ ವೋಡನ್ ದೇವತೆಯ ದಿನ, ಥರ್ಸ್‌ಡೇ ಎಂದರೆ ಥೋರ್ ದೇವತೆಯ ದಿನ. ಮೂರರಲ್ಲಿಯೂ ನಡುವೆ ಕೇಳುವ ‘ಸ್’ ಆ ಹಳೆಯ ಷಷ್ಠಿಯೇ. ಫ್ರೈಡೇಯಲ್ಲಿ ಮಾತ್ರ ಆ ‘ಸ್’ ಇಲ್ಲ. ಏಕೆಂದರೆ ಫ್ರಿಗ್ ಎಂಬುವಳು ದೇವಿ. ಸ್ತ್ರೀಲಿಂಗಕ್ಕೆ ಆಗ ‘ಎಸ್’ ಹತ್ತುತ್ತಿರಲಿಲ್ಲ. ವಾರದ ಹೆಸರುಗಳ ಕಾಗುಣಿತವನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ವೆನ್ಸ್‌ಡೇಯ ನಡುವೆ ಉಚ್ಚಾರವಿಲ್ಲದೆ ಕುಳಿತಿರುವ ‘ಡಿ’ ಅಕ್ಷರ ವೋಡನ್ ದೇವತೆಯ ಹೆಸರಿನದೆಂದು ಗೊತ್ತಾಗುತ್ತದೆ, ಅದು ಮತ್ತೆ ಮರೆಯುವುದಿಲ್ಲ.

1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಮುಂದಿನ ಎರಡು ಮೂರು ಶತಮಾನಗಳಲ್ಲಿ ಹಳೆಯ ಪ್ರತ್ಯಯಗಳು ಒಂದೊಂದಾಗಿ ಸವೆದುಹೋದವು. ಉಳಿದುಕೊಂಡದ್ದು ‘ಎಸ್’ ಒಂದೇ; ಅದು ಎಲ್ಲ ಲಿಂಗಗಳಿಗೂ ಹರಡಿತು. ಅದರ ಪಕ್ಕದಲ್ಲಿ ಫ್ರೆಂಚ್ ಮಾದರಿಯ ಬಲದಿಂದ ‘ಆಫ್’ ಎಂಬ ಇನ್ನೊಂದು ದಾರಿಯೂ ಅಗಲವಾಯಿತು. ಮೇಜಿನ ಕಾಲಿಗೆ ‘ಲೆಗ್ ಆಫ್ ದ ಟೇಬಲ್’ ಎಂದೂ ಹುಡುಗನ ಕಾಲಿಗೆ ‘ಬಾಯ್’ಸ್ ಲೆಗ್’ ಎಂದೂ ಇಂದು ಎರಡು ಬಗೆಯಾಗಿ ಹೇಳುವುದಕ್ಕೆ ಮೂಲ ಅಲ್ಲಿದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಕವಿ ಚಾಸರ್ ಬರೆಯುವಾಗ ಈ ‘ಎಸ್’ ಇನ್ನೂ ಪೂರ್ಣ ಉಚ್ಚಾರವಿದ್ದ ಪ್ರತ್ಯಯ. ‘ನೈಟೆಸ್’ ಎಂದರೆ ‘ಯೋಧನ’. ಆಮೇಲೆ ಜನರ ಬಾಯಲ್ಲಿ ಅದರೊಳಗಿನ ಸ್ವರ ಬಿದ್ದುಹೋಯಿತು. ‘ಕಿಂಗೆಸ್’ ಹೋಗಿ ‘ಕಿಂಗ್ಸ್’ ಆಯಿತು. ಬಹುವಚನದ ಪ್ರತ್ಯಯವೂ ಹೀಗೆಯೇ ಸ್ವರ ಕಳೆದುಕೊಂಡು ‘ಕಿಂಗ್ಸ್’ ಎಂದೇ ನಿಂತಿತು. ರಾಜನ, ರಾಜರು, ರಾಜರ ಎಂಬ ಮೂರು ಅರ್ಥಗಳು ಒಂದೇ ದನಿಯೊಳಗೆ ಸೇರಿಕೊಂಡದ್ದು ಹೀಗೆ. ಇಂದಿನ ತೊಡಕಿನ ಬೇರು ಇದೇ.

ಬಿದ್ದುಹೋದ ಸ್ವರವನ್ನು ಗುರುತಿಸುವ ಪದ್ಧತಿ ನಮಗೆ ಹೊಸದಲ್ಲ. ಸಂಸ್ಕೃತವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ‘ಶಿವೋಽಹಂ’ ಎಂಬಲ್ಲಿ ನಡುವೆ ಒಂದು ಚಿಹ್ನೆ ಹಾಕುತ್ತೇವೆ. ಅದು ಅವಗ್ರಹ, ‘ಇಲ್ಲೊಂದು ಅಕಾರವಿತ್ತು, ಲೋಪವಾಗಿದೆ’ ಎಂದು ಹೇಳುವ ಗುರುತು. ಅಪಾಸ್ಟ್ರಫಿಯ ಮೊದಲ ಕೆಲಸವೂ ಅಷ್ಟೇ. ಗ್ರೀಕ್ ಮೂಲದ ಈ ಹೆಸರು ಫ್ರಾನ್ಸಿನ ಮುದ್ರಕರ ಮೂಲಕ ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಚ್ಚುಕೂಟಗಳಿಗೆ ಬಂದಿತು. ಲೋಪವಾದ ಅಕ್ಷರದ ಜಾಗದಲ್ಲಿ ಇದನ್ನು ಇಡುತ್ತಿದ್ದರು. ಷಷ್ಠಿಯಲ್ಲಿ ಇಡಲೇಬೇಕೆಂಬ ನಿಯಮ ಆಗ ಇರಲಿಲ್ಲ. ಷೇಕ್ಸ್‌ಪಿಯರ್ ತೀರಿಕೊಂಡ ಏಳು ವರ್ಷಗಳ ನಂತರ, 1623ರಲ್ಲಿ ಅಚ್ಚಾದ ಅವನ ನಾಟಕಗಳ ಸಂಪುಟದಲ್ಲಿ ‘ದ ವಿಂಟರ್ಸ್ ಟೇಲ್’, ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಎಂಬ ಹೆಸರುಗಳು ಅಪಾಸ್ಟ್ರಫಿ ಇಲ್ಲದೆಯೇ ಅಚ್ಚಾಗಿವೆ. ಇಂದು ನಮ್ಮ ವಿದ್ಯಾರ್ಥಿ ಹಾಗೆ ಬರೆದರೆ ಅಂಕ ಹೋಗುತ್ತದೆ!

ಇದೇ ಕಾಲದಲ್ಲಿ ಇನ್ನೊಂದು ತಮಾಷೆಯೂ ನಡೆಯಿತು. ‘ಕಿಂಗೆಸ್ ಬುಕ್’ ಎನ್ನುವಾಗಿನ ‘ಎಸ್’ ದನಿಯೂ ‘ಹಿಸ್’ ಎಂಬ ಸರ್ವನಾಮವನ್ನು ಹಗುರವಾಗಿ ಉಚ್ಚರಿಸಿದಾಗಿನ ದನಿಯೂ ಹತ್ತಿರ ಹತ್ತಿರ. ಹಾಗಾಗಿ ಈ ಪ್ರತ್ಯಯ ‘ಹಿಸ್’ ಎಂಬುದರ ಸಂಕ್ಷೇಪವೇ ಇರಬೇಕೆಂದು ಅನೇಕರು ಭಾವಿಸಿ ‘ದ ಕಿಂಗ್ ಹಿಸ್ ಬುಕ್’ ಎಂದೇ ಬರೆಯತೊಡಗಿದರು. ‘ರಾಜ, ಅವನ ಪುಸ್ತಕ’ ಎಂದಂತೆ. ನಾಟಕಕಾರ ಬೆನ್ ಜಾನ್ಸನ್ ತನ್ನ ಒಂದು ನಾಟಕಕ್ಕೆ ‘ಸೆಜೇನಸ್ ಹಿಸ್ ಫಾಲ್’ ಎಂದು ಹೆಸರಿಟ್ಟ. ಅವನೇ ಬರೆದ ಇಂಗ್ಲಿಷ್ ವ್ಯಾಕರಣ ಅವನ ಮರಣಾನಂತರ 1640ರಲ್ಲಿ ಪ್ರಕಟವಾದಾಗ ನೋಡಿದರೆ ಅದರಲ್ಲಿ ಈ ‘ಹಿಸ್’ ಪ್ರಯೋಗವನ್ನು ವಿಕಾರವೆಂದು ಬೈದಿದ್ದಾನೆ. ಆದರೂ ಆ ಭಾವನೆ ಹೋಗಲಿಲ್ಲ. ಪ್ರಬಂಧಕಾರ ಜೋಸೆಫ್ ಅಡಿಸನ್ 1711ರಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಅದನ್ನೇ ಮತ್ತೆ ಹೇಳಿದ. 1755ರಲ್ಲಿ ದೊಡ್ಡ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಇದಕ್ಕೆ ಸರಿಯಾದ ಉತ್ತರ ಕೊಟ್ಟ: ‘ಹೆಂಗಸಿನ ಚೆಲುವು’ ಎನ್ನುವಾಗಲೂ ಈ ‘ಎಸ್’ ಬರುತ್ತದಲ್ಲ, ಹೆಂಗಸಿಗೆ ‘ಅವನ’ ಎನ್ನಲಾದೀತೆ?

ಈ ವಾದವನ್ನು ಓದುವ ಕನ್ನಡಿಗನಿಗೆ ಒಂದು ಮಾತು ಹೊಳೆಯಬೇಕು. ‘ರಾಜ, ಅವನ ಪುಸ್ತಕ’ ಎಂಬ ರಚನೆ ಇಂಗ್ಲಿಷಿನಲ್ಲಿ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. ಅದಕ್ಕೆ ಹತ್ತಿರದ ರಚನೆಯೊಂದು ನಮ್ಮಲ್ಲಿ ಗೌರವದಿಂದ ಹುಟ್ಟಿದೆ. ‘ರಾಮಯ್ಯನವರ ಮನೆ’ ಎನ್ನುವಾಗ ಅಲ್ಲಿರುವುದು ರಾಮಯ್ಯನ ಜೊತೆಗೆ ‘ಅವರ’ ಎಂಬ ಸರ್ವನಾಮದ ಷಷ್ಠೀರೂಪವೇ. ಇಂಗ್ಲಿಷರು ಬಿಟ್ಟುಕೊಟ್ಟದ್ದನ್ನು ಹೋಲುವಂಥದನ್ನು ನಾವು ದಿನಕ್ಕೆ ನೂರು ಸಲ ಆಡುತ್ತೇವೆ. ಜಾನ್ಸನ್ ಎಂಬ ಹೆಸರಿನ ಅರ್ಥವೂ ‘ಜಾನನ ಮಗ’ ಎಂದೇ. ವಿಲಿಯಮ್ಸ್, ರಾಬರ್ಟ್ಸ್ ಎಂಬ ಮನೆತನದ ಹೆಸರುಗಳ ಕೊನೆಯಲ್ಲಿರುವ ‘ಸ್’ ಕೂಡ ಇಂಥವನ ಮಗ ಅಥವಾ ಮನೆಯವನು ಎಂಬ ಷಷ್ಠಿ. ನಮ್ಮಲ್ಲಿ ಆ ಕೆಲಸವನ್ನು ಇನಿಷಿಯಲ್ಲುಗಳು ಮಾಡುತ್ತವೆ. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ.ನಂ. ಶ್ರೀಕಂಠಯ್ಯನವರು ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನವರು. ತೀರ್ಥಪುರದ, ನಂಜುಂಡಯ್ಯನವರ ಮಗ ಎಂಬ ಎರಡು ಷಷ್ಠಿಗಳು ಅವರ ಹೆಸರಿನ ಮೊದಲ ಎರಡು ಅಕ್ಷರಗಳಲ್ಲಿ ಅಡಗಿ ಕುಳಿತಿವೆ.

ಏಕವಚನದಲ್ಲಿ ಅಪಾಸ್ಟ್ರಫಿ ನೆಲೆನಿಂತದ್ದು ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ. ಬಹುವಚನದಲ್ಲಿ ಅದನ್ನು ‘ಸ್’ ಆದ ಮೇಲೆ ಇಡುವ ಪದ್ಧತಿಗೆ ಇನ್ನೂ ನೂರು ವರ್ಷ ಹಿಡಿಯಿತು. ಅಲ್ಲಿ ಯಾವ ಅಕ್ಷರವೂ ಲೋಪವಾಗಿಲ್ಲ, ಚಿಹ್ನೆ ಏಕೆ ಎಂದು ಕೇಳುವವರೂ ಇದ್ದರು. ‘ಅದರ’ ಎಂಬ ಅರ್ಥದ ‘ಇಟ್ಸ್’ ಪದದ ಕಥೆ ಇನ್ನೂ ವಿಚಿತ್ರ. 1611ರ ಇಂಗ್ಲಿಷ್ ಬೈಬಲ್ಲಿನ ಮೊದಲ ಮುದ್ರಣದಲ್ಲಿ ಈ ಪದವೇ ಇಲ್ಲ. ಬಳಕೆಗೆ ಬಂದ ಮೇಲೆ ಬಹುಕಾಲ ಅಪಾಸ್ಟ್ರಫಿಯೊಂದಿಗೆ ಬರೆಯುವವರೇ ಬಹಳ ಮಂದಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ನರ ಬರಹಗಳಲ್ಲಿಯೂ ಹಾಗೆಯೇ ಇದೆ. ಇಂದು ಅದೇ ದೊಡ್ಡ ತಪ್ಪು. ಅಪಾಸ್ಟ್ರಫಿ ಇದ್ದರೆ ಈಗ ಅದು ‘ಇಟ್ ಈಸ್’ ಎಂಬುದರ ಸಂಕ್ಷೇಪ ಮಾತ್ರ. ‘ಅದರ’ ಎನ್ನಲು ಚಿಹ್ನೆ ಕೂಡದು. ಹರ್ಸ್, ಅವರ್ಸ್, ದೇರ್ಸ್ ಎಂಬ ಸರ್ವನಾಮಗಳಿಗೂ ಇದೇ ನಿಯಮ.

ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ವೈದ್ಯ ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ್ದು 1800ರಲ್ಲಿ. ಶಿರಾ, ಮಧುಗಿರಿಗಳ ಬೆಳೆ, ನೀರಾವರಿ, ಜನಜೀವನವನ್ನು ಅವನು ಬರೆದಿಟ್ಟುಕೊಂಡ. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಇಂಗ್ಲಿಷ್ ಬರಹ ನಮ್ಮ ಈ ಸೀಮೆಯನ್ನು ಮುಟ್ಟಿದ ಆ ಹೊತ್ತಿನಲ್ಲಿ ಷಷ್ಠಿಯ ಚಿಹ್ನೆಯ ನಿಯಮಗಳು ಅದರ ತವರಿನಲ್ಲಿಯೇ ಇನ್ನೂ ಹಸಿಯಾಗಿದ್ದವು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಷಷ್ಠಿಗೆ ‘ಅ’ ಎಂಬ ಪ್ರತ್ಯಯ ಹೇಳಿದ್ದು ಅದಕ್ಕಿಂತ ಐನೂರು ವರ್ಷಗಳಿಗೂ ಹಿಂದೆ, ಸುಮಾರು 1260ರಲ್ಲಿ. ರಾಮನ, ಮರದ, ಊರಿನ, ಗುರುವಿನ, ಕೆರೆಯ. ನಡುವೆ ನ, ದ, ಇನ, ವಿನ, ಯ ಏನೇ ಬಂದರೂ ಕೊನೆಯಲ್ಲಿ ನಿಲ್ಲುವುದು ಆ ‘ಅ’ಕಾರವೇ. ನಮ್ಮ ಶಾಲೆಗಳಲ್ಲಿ ಇಂದಿಗೂ ಅದನ್ನೇ ಕಲಿಸುತ್ತಾರೆ.

ಈ ನಾಲ್ಕು ತಾಲ್ಲೂಕುಗಳಿಗೆ ಇನ್ನೊಂದು ಅನುಕೂಲವಿದೆ. ಒಡೆತನವನ್ನು ಹೇಳುವ ಬಗೆಗಳು ಇಲ್ಲಿ ಕನ್ನಡದ್ದೊಂದೇ ಅಲ್ಲ. ಪಾವಗಡಕ್ಕೆ ಮೂರು ಕಡೆಯಿಂದ ಆಂಧ್ರದ ನೆಲ ಸುತ್ತುವರಿದಿದೆ. ಅನೇಕ ಮನೆಗಳ ಮಾತು ತೆಲುಗು. ತೆಲುಗಿನಲ್ಲಿ ‘ಇಲ್ಲು’ ಎಂದರೆ ಮನೆ. ಮನೆಯ ಬಾಗಿಲು ಎನ್ನುವಾಗ ಅದು ‘ಇಂಟಿ ತಲುಪು’ ಆಗುತ್ತದೆ. ಅಂದರೆ ಪದದ ಮೈಯೇ ಬದಲಾಗುತ್ತದೆ. ಶಿರಾ 1687ರಲ್ಲಿ ಮೊಗಲರ ವಶವಾಗಿ ಅವರ ಪ್ರಾಂತ್ಯದ ಕೇಂದ್ರವಾಯಿತು, ಪಾರಸಿ ಇಲ್ಲಿ ಕಚೇರಿಯ ಭಾಷೆಯಾಯಿತು. ಪಾರಸಿಯಲ್ಲಿ ಎಲ್ಲ ತಿರುವುಮುರುವು: ‘ಶೇರ್-ಎ-ಮೈಸೂರ್’ ಎಂದರೆ ಮೈಸೂರಿನ ಹುಲಿ. ಷಷ್ಠಿಯ ‘ಎ’ ಹತ್ತಿರುವುದು ಮೈಸೂರಿಗಲ್ಲ, ಹುಲಿಗೆ! ಶಿರಾದ ಮನೆಗಳಲ್ಲಿ ಕೇಳುವ ಉರ್ದುವಿನಲ್ಲಿಯೂ ಶಾಲೆಯ ಹಿಂದಿಯಲ್ಲಿಯೂ ಕಾ, ಕೀ, ಕೇ ಎಂದು ಮೂರು ರೂಪ. ಯಾವುದು ಬರಬೇಕೆಂದು ತೀರ್ಮಾನಿಸುವುದು ಒಡೆಯನಲ್ಲ, ಒಡವೆ. ಇಷ್ಟನ್ನೆಲ್ಲ ಆಡಿಕೊಂಡು ಬೆಳೆದ ಮಗುವಿಗೆ ಇಂಗ್ಲಿಷಿನ ಒಂದೇ ಒಂದು ‘ಸ್’ ಕಷ್ಟವಾಗಬೇಕಾಗಿರಲಿಲ್ಲ. ನಿಯಮವನ್ನು ಮನೆಯ ಮಾತಿನೊಂದಿಗೆ ಹೋಲಿಸದೆ ಬರಿದೇ ಬಾಯಿಪಾಠ ಮಾಡಿಸುವುದೇ ತೊಡಕಿಗೆ ಕಾರಣವೆಂದು ನನ್ನ ಅಭಿಪ್ರಾಯ.

ಹೋಲಿಸಲು ಬೇಕಾದ ಉದಾಹರಣೆಗಳು ಊರಿನ ಹೆಸರುಗಳಲ್ಲಿಯೇ ಇವೆ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವನ್ನು ತೆಗೆದುಕೊಳ್ಳಿ. ಚನ್ನರಾಯನ, ಅಂದರೆ ಒಬ್ಬನ ದುರ್ಗ. ಇಂಗ್ಲಿಷಿಗೆ ತಿರುಗಿಸಿದರೆ ಅಪಾಸ್ಟ್ರಫಿ ‘ಸ್’ಗಿಂತ ಮೊದಲು ಬರುತ್ತದೆ: ‘ಚನ್ನರಾಯ’ಸ್ ಫೋರ್ಟ್’. ಅದೇ ತಾಲ್ಲೂಕಿನ ಸಿದ್ಧರಬೆಟ್ಟ ಅನೇಕ ಸಿದ್ಧರ ಬೆಟ್ಟ. ಅಲ್ಲಿ ಚಿಹ್ನೆ ‘ಸ್’ ಆದ ಮೇಲೆ: ‘ಸಿದ್ಧಾಸ್’ ಹಿಲ್’. ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯಲ್ಲಿ ಮತ್ತೆ ಏಕವಚನ. ಕೊರಟಗೆರೆ ಎಂಬ ಹೆಸರಿನಲ್ಲಾದರೋ ಷಷ್ಠಿಯ ಪ್ರತ್ಯಯವೇ ಕಾಣದು; ಸಮಾಸವಾಗಿ ‘ಕೆರೆ’ಯು ‘ಗೆರೆ’ಯಾಗಿದೆ. ‘ಅರಸನ ಮನೆ’ ಅರಮನೆಯಾದಂತೆ. ಇಂಗ್ಲಿಷಿನಲ್ಲಿಯೂ ‘ಮಧುಗಿರಿ ಫೋರ್ಟ್’, ‘ಸ್ಕೂಲ್ ಬಸ್’ ಎಂಬಲ್ಲಿ ಎರಡು ಪದಗಳು ಹೀಗೆಯೇ ಚಿಹ್ನೆಯಿಲ್ಲದೆ ಒತ್ತಿಕೊಂಡು ನಿಲ್ಲುತ್ತವೆ. ಅಂದಹಾಗೆ, ಊರ ಹೆಸರನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಅಪಾಸ್ಟ್ರಫಿ ಬೇಡ. ಚನ್ನರಾಯನ ಎಂಬಲ್ಲಿನ ‘ನ’ ಆ ಕೆಲಸವನ್ನು ಆಗಲೇ ಮಾಡಿ ಮುಗಿಸಿದೆ. ಅಮೆರಿಕದ ಸರ್ಕಾರವಂತೂ 1890ರಿಂದಲೇ ತನ್ನ ಊರು, ನದಿ, ಬೆಟ್ಟಗಳ ಹೆಸರುಗಳಿಂದ ಅಪಾಸ್ಟ್ರಫಿಯನ್ನು ತೆಗೆದುಹಾಕುವ ನೀತಿ ಇಟ್ಟುಕೊಂಡಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತ 2009ರಲ್ಲಿ ಬೀದಿ ಫಲಕಗಳಿಗೆ ಅದು ಬೇಡವೆಂದಾಗ ಅಲ್ಲಿ ದೊಡ್ಡ ಗದ್ದಲವೇ ಆಯಿತು.

ಪರೀಕ್ಷೆಯಲ್ಲಿ ಮಾತ್ರ ಇಂಥ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ಒಂದು ಉಪಾಯ ಹೇಳಬಹುದು. ಚಿಹ್ನೆ ಹಾಕುವ ಮೊದಲು ಆ ಪದವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ‘ಹುಡುಗರು’ ಎಂದು ಬಂದರೆ ಚಿಹ್ನೆ ಬೇಡ. ‘ಹುಡುಗನ’ ಎಂದು ಬಂದರೆ ‘ಸ್’ಗಿಂತ ಮುಂಚೆ. ‘ಹುಡುಗರ’ ಎಂದು ಬಂದರೆ ‘ಸ್’ ಆದ ಮೇಲೆ. ‘ಮಕ್ಕಳ’ ಎನ್ನುವಾಗ ಇಂಗ್ಲಿಷಿನ ಬಹುವಚನದಲ್ಲಿ ‘ಸ್’ ಇಲ್ಲವಾದ್ದರಿಂದ ಹೊಸದಾಗಿ ಸೇರಿಸಬೇಕು. ನವೆಂಬರ್ 14 ‘ಚಿಲ್ಡ್ರನ್’ಸ್ ಡೇ’. ಸೆಪ್ಟೆಂಬರ್ 5 ಶಿಕ್ಷಕರ ದಿನ, ಶಿಕ್ಷಕನ ದಿನವಲ್ಲ. ಆದ್ದರಿಂದ ‘ಟೀಚರ್ಸ್’ ಡೇ’.

ಈ ಉಪಾಯ ಎರಡು ಕಡೆ ಕೈಕೊಡುತ್ತದೆ, ಅಲ್ಲಿ ಎಚ್ಚರ ಬೇಕು. ಮೊದಲನೆಯದು ಗೌರವದ ಮಾತು. ‘ನಮ್ಮ ಮೇಷ್ಟರ ಸೈಕಲ್’ ಎಂದಾಗ ‘ರ’ ಇದ್ದರೂ ಮೇಷ್ಟರು ಒಬ್ಬರೇ. ಇಂಗ್ಲಿಷಿಗೆ ಈ ಬಹುವಚನದ ಗೌರವ ಗೊತ್ತಿಲ್ಲ, ಅಲ್ಲಿ ಏಕವಚನವೇ ಸರಿ. ಎರಡನೆಯದು ಎಣಿಕೆಯ ಮಾತು. ಅಕ್ಕನ ಮದುವೆಗೆಂದು ‘ಎರಡು ದಿನದ ರಜೆ’ ಕೇಳುತ್ತೇವೆ. ನಾವು ‘ದಿನದ’ ಎಂದು ಏಕವಚನದಲ್ಲಿ ಹೇಳಿದರೂ ದಿನಗಳು ಎರಡು. ಆದ್ದರಿಂದ ರಜಾ ಚೀಟಿಯಲ್ಲಿ ‘ಸಿಸ್ಟರ್’ಸ್ ಮ್ಯಾರೇಜ್’ ಎಂಬಲ್ಲಿ ಚಿಹ್ನೆ ‘ಸ್’ಗಿಂತ ಮೊದಲು, ‘ಟೂ ಡೇಸ್’ ಲೀವ್’ ಎಂಬಲ್ಲಿ ‘ಸ್’ ಆದ ಮೇಲೆ. ಒಂದೇ ದಿನ ಸಾಕಾದರೆ ‘ಒನ್ ಡೇ’ಸ್ ಲೀವ್’.